ಎಳೆದ ಕೈ ನನ್ನದು

ಎಳೆದದ್ದು ನಾನು, ಪಾಲಯ್ಯ. ನೀನಲ್ಲ.

ಇಷ್ಟನ್ನು ಬರೆಯಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಅವತ್ತು ಆಫೀಸಿನ ಗಾಜಿನ ಮೇಜಿನ ಆಚೆ ನೀನು ಕೈಕಟ್ಟಿ ಕುಳಿತಿದ್ದಾಗ ಹೇಳಿಬಿಟ್ಟಿದ್ದರೆ ಎರಡು ಸೆಕೆಂಡಿನ ಮಾತು. ಹೇಳಲಿಲ್ಲ. ಹೇಳಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ — ಅದರ ಉಲ್ಟಾ ಹೇಳಿದೆ, ಮೂರು ಬೇರೆ ಬೇರೆ ದಿನ, ನೀನು ಅದನ್ನು ನಂಬುವ ತನಕ.

ಇದನ್ನು ಇಂಗ್ಲಿಷಿನಲ್ಲಿ ಬರೆಯುವುದು ನನಗೆ ಸಲೀಸು. ಆರನೇ ವಯಸ್ಸಿಗೆ ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲಿನ ಅಂಗಳದಿಂದ ಎತ್ತಿ ಬೆಂಗಳೂರಿನ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದರು; ಇವತ್ತಿಗೂ ನನಗೆ ಲೆಕ್ಕ, ಕನಸು, ಕೋಪ ಎಲ್ಲ ಇಂಗ್ಲಿಷಿನಲ್ಲೇ ಬರುತ್ತವೆ. ಆದರೆ ಸುಳ್ಳು ಬರೆದದ್ದೂ ಅದರಲ್ಲೇ. 'ಇನ್‌ಅಡ್ವರ್ಟೆಂಟ್' ಎಂದು ಅಲ್ಲೊಂದು ಪದವಿದೆ, ತಿಳಿಯದೆ ಆದದ್ದು ಎಂದು ಅರ್ಥ. ಎಷ್ಟು ಮರ್ಯಾದಸ್ಥ ಪದ! ನಿನ್ನ ಕೆಲಸ ಮುಗಿಸಿದ್ದು ಅದೇ. ಆ ಭಾಷೆಯಲ್ಲಿ ನನಗೆ ನುಸುಳಿಕೊಳ್ಳುವ ಸಂದಿಗಳು ಬಹಳ ಗೊತ್ತು. ಕನ್ನಡದಲ್ಲಿ ಅಷ್ಟು ಗೊತ್ತಿಲ್ಲ. ಅದಕ್ಕೇ ಕನ್ನಡ. ನಿಮ್ಮ ಹಟ್ಟಿಯಲ್ಲಿ ಯಾರಾದರೂ ಓದಿ ಹೇಳಿದರೆ ನಿನ್ನ ಹೆಂಡತಿಗೂ ತಿಳಿಯಲಿ ಎಂದು ಕೂಡ.

ನೀನು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಆದರೆ ಇದನ್ನು ಬೇರೆಯವರೂ ಓದುತ್ತಾರೆ, ಓದಲೇಬೇಕು. ಆದ್ದರಿಂದ ಅವರಿಗಾಗಿ: ಪಾಲಯ್ಯ ನನ್ನ ಕೋ-ಪೈಲಟ್ ಆಗಿದ್ದವನು. ಮೊಳಕಾಲ್ಮೂರಿನ ಬಳಿಯ ಒಂದು ಹಟ್ಟಿಯವನು. ಅವನ ಅಪ್ಪ ಬೋಸಯ್ಯ ದೇವರ ಎತ್ತುಗಳನ್ನು ಕಾಯುವ ಕಿಲಾರಿ — ಹಟ್ಟಿಯ ದೇವರಿಗೆ ಬಿಟ್ಟ ದನಗಳವು, ಅವನ್ನು ಯಾರೂ ಉಳುವುದಕ್ಕೆ ಕಟ್ಟುವುದಿಲ್ಲ. ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ವಿಮಾನ ಕಲಿತು, ಇಪ್ಪತ್ತೇಳನೇ ವಯಸ್ಸಿಗೆ ನನ್ನ ಬಲಗಡೆಯ ಸೀಟಿಗೆ ಬಂದವನು. ಎಡಗಡೆಯ ಸೀಟಿನಲ್ಲಿ ನಾನು — ಕ್ಯಾಪ್ಟನ್, ಮೂವತ್ತೈದು ವರ್ಷದ ಸರ್ವಿಸ್, ಕಂಪನಿಯ ಪೈಲಟ್‌ಗಳನ್ನು ಪರೀಕ್ಷೆ ಮಾಡುವ ಎಕ್ಸಾಮಿನರ್. ನನ್ನನ್ನು ಕಂಡರೆ ಹುಡುಗರು ಟೈ ಸರಿಮಾಡಿಕೊಳ್ಳುತ್ತಿದ್ದರು.

ಮೊದಲ ದಿನ ನೆನಪಿದೆಯಾ ನಿನಗೆ? ವಿಮಾನದ ಮೆಟ್ಟಿಲ ಬುಡದಲ್ಲಿ ನೀನು ಓಡಿ ಬಂದೆ. "ಮೇಡಂ, ನೀವು ಚಳ್ಳಕೆರೆಯೋರಂತೆ! ನಮ್ದು ಮೊಳಕಾಲ್ಮೂರು ಕಡೆ. ನಮ್ಮೋರೇ ಸಿಕ್ಕಂಗಾತು ನೋಡ್ರಿ." ಇಬ್ಬರು ಏರ್‌ಹೋಸ್ಟೆಸ್‌ಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಆ 'ನಮ್ಮೋರೇ' ಎಂಬುದು ನನ್ನ ಯೂನಿಫಾರ್ಮಿಗೆ ಅಂಟಿಕೊಂಡ ಧೂಳಿನಂತೆ ಕಂಡಿತು. "ಇಂಗ್ಲಿಷ್ ಇನ್ ದಿ ಕಾಕ್‌ಪಿಟ್, ಪ್ಲೀಸ್" ಎಂದು ನಾನು ಹೇಳಿದೆ. ನಿಯಮ ಸರಿಯೇ. ಆದರೆ ನಾವಿನ್ನೂ ಕಾಕ್‌ಪಿಟ್ಟಿಗೆ ಕಾಲಿಟ್ಟಿರಲಿಲ್ಲ. ನೆಲದ ಮೇಲೆ ನಿಂತಿದ್ದೆವು.

ಆಮೇಲೆ ನನಗೆ ಕನ್ನಡ ಬರುತ್ತಿದ್ದುದು ನಿನ್ನನ್ನು ಬಯ್ಯುವಾಗ ಮಾತ್ರ.

ನಮ್ಮದು ಎಪ್ಪತ್ತು ಸೀಟಿನ ಪ್ರೊಪೆಲರ್ ವಿಮಾನ. ನೆಲ ಬಿಟ್ಟು ಅರ್ಧ ನಿಮಿಷಕ್ಕೆ ಆಟೋಪೈಲಟ್ ಗುಂಡಿ ಒತ್ತಬೇಕು, ಇಳಿಯುವ ಮುಂಚೆ ಕೊನೆಯ ಒಂದೆರಡು ನಿಮಿಷಕ್ಕೆ ಬಿಡಿಸಬೇಕು. ನಡುವಿನದೆಲ್ಲ ಯಂತ್ರದ ಕೆಲಸ. ನಾವು ಅದು ಮಾಡುವುದನ್ನು ನೋಡುತ್ತ ಕೂರುವವರು. ಕೈಯಲ್ಲಿ ಹಾರಿಸಲು ಹೋಗಿ ಒಂದು ಚೂರು ಗೆರೆ ತಪ್ಪಿದರೆ ಅದು ರೆಕಾರ್ಡ್ ಆಗಿ ಆಫೀಸಿನಿಂದ ಮೇಲ್ ಬರುತ್ತಿತ್ತು, "ದಯವಿಟ್ಟು ವಿವರಣೆ ಕೊಡಿ" ಎಂದು. ಹೀಗಾಗಿ ಯಾರೂ ಕೈ ಹಾಕುತ್ತಿರಲಿಲ್ಲ. ನೀನೊಬ್ಬ ಕೇಳುತ್ತಿದ್ದೆ. ಆಕಾಶ ತೊಳೆದಿಟ್ಟಂತಿದ್ದ ದಿನಗಳಲ್ಲಿ, ಎಷ್ಟು ವಿನಯದಿಂದ — "ಮ್ಯಾಮ್, ಇವತ್ತು ಹತ್ತು ಸಾವಿರ ಅಡಿಯಿಂದ ಕೆಳಗೆ ಕೈಯಲ್ಲಿ ಹಾರಿಸ್ಲಾ?"

"ಯಾಕೆ, ಕೈ ಕಡೀತಿದೆಯಾ?" ಎನ್ನುತ್ತಿದ್ದೆ ನಾನು.

ಅನುಮತಿ ಸಿಗದಿದ್ದರೆ ನೀನು ಇನ್ನೊಂದು ಮಾಡುತ್ತಿದ್ದೆ. ಆಟೋಪೈಲಟ್ ಹಾರಿಸುತ್ತಿರುವಾಗ ನಿನ್ನ ಅಂಗೈಯನ್ನು ಮೂತಿ ಏರಿಸಿ ಇಳಿಸುವ ಕಂಟ್ರೋಲ್ ಕಾಲಂ ಮೇಲೆ ಸುಮ್ಮನೆ ಇಟ್ಟುಕೊಂಡಿರುತ್ತಿದ್ದೆ — ಒತ್ತದೆ, ಎಳೆಯದೆ, ಅದರ ಚಲನೆಯನ್ನು ಕೈಗೆ ತಿಳಿಸಿಕೊಳ್ಳುತ್ತ. "ಅದೇನು ನಿಮ್ಮ ಕುರಿನಾ ಪಾಲಯ್ಯ, ಬೆನ್ನು ಸವರೋಕೆ?" ಎಂದು ನಾನು ಒಮ್ಮೆ ಕೇಳಿದೆ. ನೀನು ನಕ್ಕುಬಿಟ್ಟೆ. "ಇಲ್ಲ ಮ್ಯಾಮ್, ಇದ್ಕೆ ಉಣ್ಣೆ ಇಲ್ಲ" ಎಂದೆ. ನಿನ್ನ ಆ ನಗು ನನಗೆ ಸಹಿಸಲಾಗಲಿಲ್ಲ. ಅವಮಾನ ಮಾಡಿದರೆ ಅವಮಾನ ಆಗಬೇಕಲ್ಲ.

ಯಾಕೆ ಹಾರಿಸಲು ಬಿಡುತ್ತಿರಲಿಲ್ಲ ಎಂದರೆ — ನೀನು ಕೈಯಲ್ಲಿ ಹಾರಿಸಿದರೆ ಮುಂದಿನ ಸರದಿಯಲ್ಲಿ ನಾನೂ ಕೈಯಲ್ಲಿ ಹಾರಿಸಬೇಕಾಗುತ್ತಿತ್ತು. ನೀನು ನೋಡಿಬಿಡುತ್ತಿದ್ದೆ.

ನಾನು ಕಲಿತದ್ದು ಬಟ್ಟೆ ಹೊದಿಸಿದ ರೆಕ್ಕೆಯ ಎರಡು ಸೀಟಿನ ವಿಮಾನದಲ್ಲಿ. ಬೆನ್ನಿಗೆ ತಾಗುವ ಗಾಳಿಯಿಂದ ವೇಗ ಹೇಳುತ್ತಿದ್ದವಳು. ಆ ಹುಡುಗಿಯನ್ನು ನೆನೆದರೆ ಈಗಲೂ ಅಳು ಬರುತ್ತದೆ. ಅವಳು ಯಾರೋ ನನಗೆ ಬೇಕಾದವಳು, ಎಲ್ಲೋ ಸತ್ತುಹೋದವಳು ಅನ್ನಿಸುತ್ತದೆ. ಇಪ್ಪತ್ತು ವರ್ಷ ಗುಂಡಿ ಒತ್ತಿ ಒತ್ತಿ ನನ್ನ ಕೈ ಹೋಗಿತ್ತು. ನನಗೆ ಗೊತ್ತಿತ್ತು. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಪರೀಕ್ಷೆ. ಆಟೋಪೈಲಟ್ ಬಿಡಿಸಿದರೆ ನನ್ನ ವೇಗದ ಮುಳ್ಳು ಕುಡಿದವನಂತೆ ಓಲಾಡುತ್ತಿತ್ತು. ಪರೀಕ್ಷೆ ಮಾಡುವವನು ನಾನೇ ಬೆಳೆಸಿದ ಹುಡುಗ. "ಯು ಆರ್ ಎ ಲೆಜೆಂಡ್, ಮೇಡಂ" ಎನ್ನುತ್ತ ಟಿಕ್ ಹಾಕುತ್ತಿದ್ದ. ನಾನು ಥ್ಯಾಂಕ್ಯೂ ಹೇಳಿ ಕಾಫಿಗೆ ಕರೆದುಕೊಂಡು ಹೋಗುತ್ತಿದ್ದೆ.

ಒಂದು ದಿನ ಆಟೋಪೈಲಟ್ ಕೆಟ್ಟಿತ್ತು, ಆ ಇಡೀ ಹಾರಾಟ ನಿನ್ನ ಕೈಗೆ ಬಂತು. ಒಂದೂಕಾಲು ಗಂಟೆ. ನಾನು ಪಕ್ಕದಲ್ಲಿ ಕೂತು ನೋಡಿದೆ. ವಿಮಾನ ನಿನ್ನ ಮಾತು ಕೇಳುತ್ತಿರಲಿಲ್ಲ ಪಾಲಯ್ಯ, ನೀನೇ ಅದರ ಮಾತು ಕೇಳುತ್ತಿದ್ದೆ. ನನಗೆ ಹೊಟ್ಟೆ ಉರಿಯಿತು. ಇಳಿದ ಮೇಲೆ ನಿನ್ನ ರೇಡಿಯೋ ಇಂಗ್ಲಿಷಿನಲ್ಲಿ ಎರಡು ತಪ್ಪು ಹುಡುಕಿ ಹೇಳಿದೆ.

ಇನ್ನು ಆ ದಿನ.

ಮಳೆಗಾಲ, ಗುಡ್ಡದ ಮೇಲಿನ ಒಂದು ಸಣ್ಣ ವಿಮಾನ ನಿಲ್ದಾಣ. ಹಾರಿಸುವ ಸರದಿ ನನ್ನದು. ಇಳಿಯಲು ಸಾವಿರದಿನ್ನೂರು ಅಡಿ ಉಳಿದಿರುವಾಗ ಮೋಡದೊಳಗೆ ಗಾಳಿ ಎತ್ತಿ ಹಾಕಿತು, ಆಟೋಪೈಲಟ್ ತಾನಾಗಿಯೇ ಬಿಟ್ಟುಕೊಂಡಿತು. ಕೂಗುವ ಗಂಟೆ, ಕೆಂಪು ದೀಪ — ಮತ್ತು ವಿಮಾನ ನನ್ನ ಕೈಯಲ್ಲಿ.

ತಿಳಿಯದವರಿಗೆ ಒಂದು ಮಾತು. ಮೂತಿ ತುಂಬ ಮೇಲೆದ್ದು ವೇಗ ಕಡಿಮೆಯಾದ ವಿಮಾನ ಇನ್ನೇನು ಬೀಳುತ್ತದೆ. ಆಗ ಕಾಲಂ ಅನ್ನು ಮುಂದಕ್ಕೆ ಒತ್ತಬೇಕು, ಮೂತಿ ಇಳಿಸಬೇಕು. ನೆಲ ಕೆಳಗೆ ಕಾಯುತ್ತಿರುವಾಗ ಇನ್ನಷ್ಟು ಕೆಳಗೆ ತಿರುಗಿಸುವುದು. ಹೆದರಿದ ಕೈ ಅದನ್ನು ಮಾಡುವುದಿಲ್ಲ. ಹೆದರಿದ ಕೈ ಎಳೆಯುತ್ತದೆ.

ನಾನು ಎಳೆದೆ. ಎರಡು ಕೈಯಿಂದ, ಎದೆಗೆ ಅವಚಿಕೊಳ್ಳುವ ಹಾಗೆ.

"ಸ್ಪೀಡ್, ಮ್ಯಾಮ್" ಎಂದೆ ನೀನು.

ನನ್ನ ಬಾಯಿಂದ ಏನೂ ಬರಲಿಲ್ಲ.

"ಸ್ಪೀಡ್, ಮ್ಯಾಮ್!"

ಕಾಲಂ ಗಡಗಡ ಅಲುಗಾಡತೊಡಗಿತು — ಬೀಳುತ್ತಿದ್ದೀರಿ ಎಂದು ವಿಮಾನ ಎಚ್ಚರಿಸುವುದು ಹಾಗೆ. ನಾನು ಇನ್ನೂ ಎಳೆಯುತ್ತಿದ್ದೆ. ಎರಡು ಸಲ ಕರೆದರೂ ಕ್ಯಾಪ್ಟನ್ ಉತ್ತರಿಸದಿದ್ದರೆ ಕೋ-ಪೈಲಟ್ ವಿಮಾನವನ್ನು ತೆಗೆದುಕೊಳ್ಳಬೇಕು. ಆ ನಿಯಮವನ್ನು ನಿನ್ನ ಬ್ಯಾಚಿಗೆ ಪಾಠ ಮಾಡಿದವಳು ನಾನೇ.

"ಐ ಹ್ಯಾವ್ ಕಂಟ್ರೋಲ್."

ನೀನು ಕಿರುಚಲಿಲ್ಲ. ನಿನ್ನ ಕಾಲಂ, ನನ್ನ ಕಾಲಂ ಒಳಗೆ ಒಂದಕ್ಕೊಂದು ಜೋಡಿಸಿರುತ್ತವೆ. ನಿನ್ನ ಕೈ ಒತ್ತಿದ್ದು ನನ್ನ ಅಂಗೈಗೆ ಗೊತ್ತಾಯಿತು. ನನ್ನ ಎಳೆತದ ವಿರುದ್ಧ, ಒಂದೇ ಸಮನೆ, ಮುಂದಕ್ಕೆ. ನನ್ನ ಬೆರಳು ಬಿಡಿಸಿಕೊಂಡವು. ಮೂತಿ ಇಳಿಯಿತು, ವೇಗ ಬಂತು, ಎಂಜಿನ್ ಮೊರೆಯಿತು. ಮೋಡದಿಂದ ಮೇಲೆದ್ದು, ಒಂದು ಸುತ್ತು ಹಾಕಿ, ನೀನೇ ಕೈಯಲ್ಲಿ ಇಳಿಸಿದೆ. ಪ್ರಯಾಣಿಕರು ಬ್ಯಾಗ್ ಇಳಿಸಿಕೊಳ್ಳುತ್ತ, ಯಾವುದೋ ಟ್ಯಾಕ್ಸಿಯವನಿಗೆ ಫೋನ್ ಮಾಡುತ್ತ ಹೋದರು. ಅವರಿಗೆ ಏನೂ ಗೊತ್ತಿರಲಿಲ್ಲ.

ಇಲ್ಲಿಯ ತನಕ ಆದದ್ದಕ್ಕೆ ವಯಸ್ಸು, ಗಾಬರಿ, ಯಂತ್ರದ ಅಭ್ಯಾಸ ಎಂದೇನಾದರೂ ಅನ್ನಬಹುದು. ಇಲ್ಲಿಂದ ಮುಂದಿನದಕ್ಕೆ ಏನೂ ಅನ್ನಲಾಗದು.

ಕಾಕ್‌ಪಿಟ್ಟಿನಲ್ಲಿ ಆಡಿದ ಮಾತನ್ನು ಒಂದು ಯಂತ್ರ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕೊನೆಯ ಎರಡು ಗಂಟೆಯದು ಮಾತ್ರ. ಹೊಸ ಮಾತು ಹಳೆಯದನ್ನು ಅಳಿಸುತ್ತ ಹೋಗುತ್ತದೆ. ಇಂಥದ್ದು ನಡೆದರೆ ಆ ಯಂತ್ರವನ್ನು ತಕ್ಷಣ ಬಂದ್ ಮಾಡಿ, ವಿಮಾನವನ್ನು ಅಲ್ಲೇ ನಿಲ್ಲಿಸಿ ತಿಳಿಸಬೇಕು. ನೀನು ಕೇಳಿದೆ, "ಮ್ಯಾಮ್, ವಾಯ್ಸ್ ರೆಕಾರ್ಡರ್ ಬಂದ್ ಮಾಡಿಬಿಡ್ಲಾ?" ನಿನ್ನ ಮುಖದಲ್ಲಿ ನನ್ನ ಬಗ್ಗೆ ಕಾಳಜಿ ಇತ್ತು. ಅದು ಇನ್ನೂ ಉರಿಸಿತು.

"ಬೇಸ್‌ಗೆ ಹೋಗಿ ನೋಡ್ಕೊಳ್ಳೋಣ. ಪ್ಯಾಸೆಂಜರ್ಸ್ ಕಾಯ್ತಿದಾರೆ" ಎಂದೆ ನಾನು.

ಗುಂಡಿ ಒತ್ತಿದರೆ ಆಟೋಪೈಲಟ್ ಏನೂ ಆಗದ ಹಾಗೆ ಹತ್ತಿಕೊಂಡಿತು. ಮತ್ತು ಹಿಂದಿರುಗುವ ದಾರಿಯಲ್ಲಿ, ಮೊಟ್ಟಮೊದಲ ಸಲ, ಬಯ್ಯಲು ಅಲ್ಲದೆ, ಊರು ಮನೆಯ ಮಾತಿಗೆ ನಾನು ನಿನ್ನೊಡನೆ ಕನ್ನಡ ಆಡಿದೆ. "ನಿಮ್ಮ ಹಟ್ಟಿ ತಳಕಿನಿಂದ ಎಷ್ಟು ದೂರ ಪಾಲಯ್ಯ? ನಿಮ್ಮಪ್ಪ ಏನು ಮಾಡ್ತಾರೆ?" ನಿನ್ನ ಮುಖ ಅರಳಿತು. ನೀನು ಹೇಳುತ್ತ ಹೋದೆ — ದೇವರ ಎತ್ತುಗಳ ಹೆಸರು, ಕಿಲಾರಿಯ ಕಟ್ಟುಪಾಡು, ಎತ್ತುಗಳ ಜೊತೆ ತೆಲುಗಿನಲ್ಲಿ ಮಾತಾಡಿ ಮನೆಯವರ ಜೊತೆ ಮಾತೇ ಆಡದ ಅಪ್ಪ. ನಾನು "ಹೌದಾ? ಆಮೇಲೆ?" ಎನ್ನುತ್ತಿದ್ದೆ. ಕಣ್ಣು ಗಡಿಯಾರದ ಮೇಲಿತ್ತು. ನೀನು ಸಂತೋಷದಿಂದ ಹೇಳುತ್ತಿದ್ದ ಒಂದೊಂದು ಮಾತೂ ನಿನ್ನದೇ "ಸ್ಪೀಡ್, ಮ್ಯಾಮ್" ಎಂಬುದನ್ನು ಅಳಿಸುವತ್ತ ಸಾಗುತ್ತಿತ್ತು. ನಾವು ಹೊರಟಿದ್ದ ನಿಲ್ದಾಣ, ಬೇಸ್ ತಲುಪಿ, ಬಾಗಿಲು ತೆರೆದು, ಎರಡು ಗಂಟೆ ದಾಟುವ ತನಕ ನಿನ್ನನ್ನು ಸೀಟಿನಿಂದ ಏಳಲು ಬಿಡಲಿಲ್ಲ. ಸುಮ್ಮನೆ ಕೂಡಿಸಿಕೊಂಡು ಎತ್ತಿನ ಕಥೆ ಕೇಳಿದೆ.

ಇನ್ನೊಂದು ರೆಕಾರ್ಡರ್ ಇರುತ್ತದೆ, ವೇಗ ಎತ್ತರಗಳದ್ದು. ಕಾಲಂ ಹಿಂದಕ್ಕೆ ಬಂತು, ಆಮೇಲೆ ಮುಂದಕ್ಕೆ ಹೋಯಿತು ಎಂದು ಅದು ಹೇಳಿತು. ನಮ್ಮ ವಿಮಾನದಲ್ಲಿ ಅದು ಯಾರ ಕೈ ಎಂದು ಹೇಳುತ್ತಿರಲಿಲ್ಲ.

ಮೂರು ಸಲ ನಿನ್ನನ್ನು ಎದುರು ಕೂಡಿಸಿಕೊಂಡೆ. ಮೊದಲ ಸಲ ಕೇಳಿದೆ, ಮೆಲ್ಲಗೆ: "ನಿನ್ನ ಕೈ ಕಾಲಂ ಮೇಲಿತ್ತಲ್ಲವಾ? ಯಾವಾಗಲೂ ಇಟ್ಕೊಂಡಿರ್ತೀಯಲ್ಲ?" ಇತ್ತು ಎಂದೆ ನೀನು. ಅಷ್ಟು ಸಾಕಿತ್ತು. ಎರಡನೇ ಸಲ ಹೇಳಿದೆ: "ಗಾಬರಿಯಾದವನ ಕೈ ಏನು ಮಾಡ್ತು ಅಂತ ಅವನಿಗೇ ನೆನಪಿರೋದಿಲ್ಲ. ಇಟ್ಸ್ ಕಾಲ್ಡ್ ಸ್ಟಾರ್ಟಲ್. ನಿನ್ನ ತಪ್ಪಲ್ಲ ಮಗು." ಮಗು ಎಂದೆ. "ಆದರೆ ಎಳೆತ ನಿನ್ನ ಕಡೆಯಿಂದ ಬಂತು. ನನ್ನ ಅಂಗೈಗೆ ತಿಳೀತು." ನನ್ನ ಅಂಗೈಗೆ ತಿಳಿದದ್ದನ್ನೇ ತಿರುಗಿಸಿ ನಿನಗೆ ಕೊಟ್ಟೆ. ಮೂರನೇ ಸಲ ನಾನೇನೂ ಹೇಳಬೇಕಾಗಿರಲಿಲ್ಲ. ನೀನೇ ಬಂದು ಹೇಳಿದೆ — ನಾಲ್ಕು ದಿನ ನಿದ್ದೆ ಬಂದಿಲ್ಲ ಮ್ಯಾಮ್, ಹೌದು, ನಾನೇ ಎಳೆದೆ ಅನ್ನಿಸ್ತಿದೆ, ನೀವಿಲ್ಲದಿದ್ದರೆ ಅಷ್ಟು ಜನ...

ನಾನು ಬರೆದ ವರದಿಗೆ ನೀನು ಸಹಿ ಹಾಕಿದೆ. ಕೋ-ಪೈಲಟ್‌ನಿಂದ ತಿಳಿಯದೆ ಆದ ಎಳೆತ. ಕ್ಯಾಪ್ಟನ್ನಿಂದ ಸಕಾಲಿಕ ಚೇತರಿಕೆ. ರಾಜೀನಾಮೆ ಕೊಟ್ಟರೆ ಕೇಸ್ ಮಾಡುವುದಿಲ್ಲ ಎಂದು ಕಂಪನಿಯನ್ನು ಒಪ್ಪಿಸಿದೆ, ಅದನ್ನು ನಿನಗೆ ಮಾಡಿದ ಉಪಕಾರ ಎಂದು ಹೇಳಿದೆ. ಹೊರಡುವಾಗ ನೀನು ಬಗ್ಗಿ ನನ್ನ ಕಾಲು ಮುಟ್ಟಿದೆ. ನಾನು ಕಾಲು ಹಿಂದೆಗೆದುಕೊಳ್ಳಲಿಲ್ಲ.

ಕಂಪನಿ ನನಗೆ ಒಂದು ಸನ್ಮಾನ ಮಾಡಿತು. ರಿಟೈರ್ ಆದ ಮೇಲೆ ಉಪನ್ಯಾಸಕ್ಕೆ ಕರೆಯತೊಡಗಿದರು — ವಿಷಯ ಯಾವಾಗಲೂ ಒಂದೇ, ಯಂತ್ರವನ್ನು ನಂಬಿ ಪೈಲಟ್‌ಗಳ ಕೈ ಹೇಗೆ ಮರೆತುಹೋಗುತ್ತಿದೆ ಎಂಬುದು. ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಉದಾಹರಣೆಗೆ ನಾನು ನಿನ್ನನ್ನು ಇಟ್ಟೆ. "ನನ್ನ ಜೊತೆ ಒಬ್ಬ ಹುಡುಗನಿದ್ದ, ಚಿಲ್ಡ್ರನ್ ಆಫ್ ದಿ ಮೆಜೆಂಟಾ ಲೈನ್ ಅಂತೀವಲ್ಲ, ಪರದೆಯ ಮೇಲಿನ ಗೆರೆ ನೋಡಿಕೊಂಡು ಬೆಳೆದವನು..." ಎಂದು ಶುರುಮಾಡುತ್ತಿದ್ದೆ. ಎಷ್ಟು ಕಡೆ ಹೇಳಿದೆನೋ. ಹೇಳುತ್ತ ಹೇಳುತ್ತ ಅಭಿನಯವೂ ಕೂಡಿಕೊಂಡಿತು. ಎರಡೂ ಕೈಯನ್ನು ಎದೆಗೆ ಎಳೆದುಕೊಂಡು ತೋರಿಸುತ್ತಿದ್ದೆ. ಅದನ್ನು ಮಾತ್ರ ಬಹಳ ಸಹಜವಾಗಿ ಮಾಡುತ್ತಿದ್ದೆ.

ಮಿಲ್ಲಿನ ಜಾಗದ ವಿಷಯಕ್ಕೆಂದು ಚಳ್ಳಕೆರೆಗೆ ಬಂದವಳು ಇಲ್ಲೇ ಉಳಿದುಬಿಟ್ಟೆ. ಊರಿನ ಕಾಲೇಜೊಂದರವರು ಕರೆದರು. ಹೋದ ತಿಂಗಳ ಮಾತು. ಅಲ್ಲಿ ಕನ್ನಡದಲ್ಲೇ ಮಾತಾಡಿದೆ, "ಆ ಹುಡುಗ ನಿಮ್ಮ ಕಡೆಯವನೇ" ಎಂದೂ ಸೇರಿಸಿದೆ, ಮಕ್ಕಳಿಗೆ ರುಚಿಸಲಿ ಎಂದು.

"ಮೇಡಂ, ಈಗೇನ್ ಮಾಡ್ತಿದಾನೆ ಆ ಪೈಲಟ್ಟು?" ಎಂದು ಒಬ್ಬ ಕೇಳಿದ.

"ಕುರಿ ಮೇಯಿಸ್ತಿರ್ತಾನೆ ಬಿಡ್ಲೇ" ಎಂದ ಹಿಂದಿನ ಬೆಂಚಿನವನೊಬ್ಬ.

ಹಾಲ್ ಪೂರ್ತಿ ನಕ್ಕಿತು. ನಾನೂ ನಕ್ಕೆ. ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಮಾತ್ರ ನಗಲಿಲ್ಲ — ಶೇಂಗಾ ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ತೋರಿಸಲು ಅವರು ಕರೆಸಿದ್ದ ಆಪರೇಟರ್. ನೀನು.

ಎಲ್ಲರೂ ಹೋದ ಮೇಲೆ ನೀನು ಹತ್ತಿರ ಬಂದೆ. ಬಯ್ಯುತ್ತೀಯ, ಕೂಗುತ್ತೀಯ ಎಂದುಕೊಂಡೆ. ನೀನು ಹೇಳಿದ್ದು ಇಷ್ಟು: "ಹೆಸರು ಹೇಳ್ದೆ ಬಿಟ್ರಲ್ಲ ಮೇಡಂ, ಅದೇ ದೊಡ್ಡದು. ನಮ್ಮೂರ ಹುಡುಗ್ರು ಅದಾರೆ ಇಲ್ಲಿ."

ಆಮೇಲೆ ನಿನ್ನ ಡ್ರೋನ್ ತೋರಿಸಿದೆ. "ಹೊಲದ ನಾಕು ಮೂಲೆ ಗುರುತು ಮಾಡಿಟ್ರೆ ಮುಗೀತು ಮೇಡಂ, ಅದೇ ಹೋಗ್ತೈತೆ, ಅದೇ ಬರ್ತೈತೆ. ಕೈಯಾಗೆ ಹಾರಿಸೋ ಕಡ್ಡಿ ಐತೆ, ನಾನು ಮುಟ್ಟಲ್ಲ." ಇದನ್ನು ಹೆಮ್ಮೆಯಿಂದ ಹೇಳಿದೆ ನೀನು, ಕಲಿತ ಪಾಠ ಒಪ್ಪಿಸುವವನ ಹಾಗೆ. ನನ್ನಿಂದ ಕಲಿತ ಪಾಠ.

ನೀನು ಹಟ್ಟಿಗೆ ಕರೆದೆ. ಬಂದೆ. ಯಾಕೆ ಬಂದೆನೋ — ಅಲ್ಲಿ ಹೇಳಿಬಿಡೋಣ ಎಂದೇ ಬಂದೆ ಎಂದುಕೊಳ್ಳಲು ಇಷ್ಟ, ಆದರೆ ಅದು ನಿಜವೋ ಗೊತ್ತಿಲ್ಲ. ನಿನ್ನ ಹೆಂಡತಿ ಮಾರಕ್ಕ ಮಜ್ಜಿಗೆ ಕೊಟ್ಟಳು. ನೀನು ಯಾರದೋ ಫೋನ್ ಬಂತೆಂದು ಹೊರಗೆ ಹೋದಾಗ ನನ್ನ ಪಕ್ಕ ಬಂದು ಕೂತಳು.

"ಮಗೂನ ಎತ್ಕಂಡು ನಾಕು ಹೆಜ್ಜೆ ನಡಿಯಲ್ಲ ಕಣ್ರಿ ಇವ್ರು. ಕುಂತ್ಕಂಡು ಮಡ್ಲಾಗೆ ಇಟ್ಕಂತಾರೆ, ಅಷ್ಟೇಯ. ಬೈಕಿನ ಹಿಂದೆ ನನ್ನನ್ನೂ ಕೂರ್ಸಲ್ಲ. ನಾನು ಬಸ್ಸಾಗೆ ಬತ್ತೀನಿ, ಇವ್ರು ಬೈಕಾಗೆ ಬತ್ತಾರೆ, ಒಂದೇ ಊರಿಗೆ! ಜನ ನಗ್ತಾರೆ."

ಕುದಾಪುರದ ಕಡೆ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆಗೆಂದು ಬರುವ ಒಂದು ಸಣ್ಣ ಕಂಪನಿಯವರು ನಿನ್ನನ್ನು ಕೇಳಿದ್ದಾರಂತೆ. ಯಂತ್ರ ಕೈಕೊಟ್ಟರೆ ರನ್‌ವೇ ಅಂಚಿನಲ್ಲಿ ನಿಂತು, ರಿಮೋಟ್ ಹಿಡಿದು, ಕೈಯಿಂದ ಇಳಿಸುವವರು ಬೇಕು. ಹಾಗೆ ಇಳಿಸಬಲ್ಲವರು ಈಗ ಸಿಗುವುದಿಲ್ಲ. ನೀನು ಒಲ್ಲೆ ಎಂದಿದ್ದೆ. ಅವರು ಇನ್ನೊಂದು ತಿಂಗಳು ಕಾಯುತ್ತೇವೆ ಎಂದಿದ್ದರು.

"ನೀವೊಂದು ಮಾತು ಹೇಳ್ರಿ" ಎಂದಳು ಮಾರಕ್ಕ. "ನಿಮ್ ಮಾತಂದ್ರೆ ಇವ್ರಿಗೆ ದೇವ್ರ ಮಾತು. ನಿನ್ ಕೈ ಚೆನ್ನಾಗೈತೆ ಕಣಪ್ಪ ಅನ್ರಿ, ಸಾಕು."

ಬಾಯಿಗೆ ಬಂದಿತ್ತು. ಹೇಳಿದರೆ ನಿಮಗೆ ಹೇಗೆ ಗೊತ್ತು ಎಂದು ಮುಂದಿನ ಪ್ರಶ್ನೆ ಬರುತ್ತದಲ್ಲ. "ಅವನ ಕೈ ಅವನಿಗೇ ಚೆನ್ನಾಗಿ ಗೊತ್ತಲ್ಲಮ್ಮ" ಎಂದೆ ನಾನು. ಮಾರಕ್ಕ ಲೋಟ ತೆಗೆದುಕೊಂಡು ಎದ್ದುಹೋದಳು. ಎರಡನೇ ಸಲ, ಪಾಲಯ್ಯ. ಈ ಸಲ ಮೋಡವಿರಲಿಲ್ಲ, ಕೆಂಪು ದೀಪವಿರಲಿಲ್ಲ. ನೆರಳಿನಲ್ಲಿ ಕೂತು ಮಜ್ಜಿಗೆ ಕುಡಿದು ಮಾಡಿದ್ದು.

ಹೊರಡುವ ಮುಂಚೆ ನೀನು ಅಪ್ಪನನ್ನು ತೋರಿಸಲು ದೇವರ ಎತ್ತುಗಳ ರೊಪ್ಪದ ಹತ್ತಿರ ಕರೆದುಕೊಂಡು ಹೋದೆ. "ಚಪ್ಲಿ ಅಲ್ಲೇ ಬಿಟ್ ಬಾರವ್ವ" ಎಂದರು ಬೋಸಯ್ಯ, ತಿರುಗಿ ನೋಡದೆ. ಆಮೇಲೆ ನೋಡಿದರು. "ನೀನೇನವ್ವ ನಮ್ಮುಡುಗನ್ನ ಉಳಿಸ್ದೋಳು?"

ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ತಿಳಿಯದ ಹಾಗೆ.

"ಒಂದು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಇವ್ನು ಎಳೆದ ಎಳೆದ ಅಂತಾನಲ್ಲ, ಯಾವಾಗ ಎಳೆದ?"

"ವಿಮಾನ ಮೂತಿ ಎತ್ತಿದಾಗ..."

"ಮೂತಿ ಎತ್ತಿದ್ದನ್ನ ಎಳೆಯೋದಾ?" ಮುದುಕ ನಕ್ಕರು. "ನಮ್ ದೇವ್ರ ದನಕ್ಕೆ ಮೂ‌ಗುದಾರ ಇಲ್ಲವ್ವ. ಹಗ್ಗಾನೇ ಇಲ್ದ ಮ್ಯಾಲೆ ಎಳೆಯೋದು ಎಲ್ಲಿಂದ ಬಂತು ಇವ್ನಿಗೆ? ಎಗರಿದ ಎತ್ತಿನ ಹೆಗಲ ಮ್ಯಾಲೆ ಅಂಗೈ ಇಟ್ಟು ಕೆಳೀಕೆ ಒತ್ತಿ, ಅದ್ರ ಜತೀಗೆ ನಡೀಬೇಕು. ನಡಿಯಾಕೆ ಬಂದಾಗ್ಲಿಂದ ಇವ್ನು ಮಾಡಿದ್ದು ಅದೊಂದೇಯ. ಹೆದ್ರಿಕ್ಯಾದ್ರೂ ಅದೇ ಮಾಡ್ತಾನೆ. ಬ್ಯಾರೆ ಬರಲ್ಲ."

"ಅಪ್ಪಾ, ಸುಮ್ನಿರು" ಎಂದು ಗದರಿದೆ ನೀನು. "ಮೇಡಂಗೆ ಗೊತ್ತಿರೋದು ನಿಂಗೆ ಗೊತ್ತೈತಾ?"

ಬೋಸಯ್ಯ ನನ್ನ ಮುಖ ನೋಡಲಿಲ್ಲ. ನನ್ನ ಕೈಗಳನ್ನು ನೋಡಿದರು. ಬಹಳ ಹೊತ್ತು. ಪಾಲಯ್ಯ, ಆಟೋಪೈಲಟ್ ಬಿಟ್ಟುಕೊಂಡಾಗ ಆದ ಭಯಕ್ಕಿಂತ ಅದು ದೊಡ್ಡದಾಗಿತ್ತು. ನಾನು ಸೆರಗಿನೊಳಗೆ ಕೈ ಎಳೆದುಕೊಂಡೆ.

ಅಲ್ಲಿಂದ ಬಂದ ಮೇಲೆ ಹದಿನೈದು ದಿನ ಕಳೆದು ನಿನಗೆ ಫೋನ್ ಮಾಡಿದೆ. ನೇರವಾಗಿ ಹೇಳಿದೆ, ಕನ್ನಡದಲ್ಲೇ ಹೇಳಿದೆ. ಎಳೆದದ್ದು ನಾನು, ಒತ್ತಿದ್ದು ನೀನು, ಉಳಿಸಿದ್ದು ನೀನು. ಅದಕ್ಕೆ ನೀನು, ಎಷ್ಟು ಮೃದುವಾಗಿ —

"ನೀವು ದೊಡ್ಡೋರು ಮೇಡಂ. ನನ್ ಮನ್ಸು ತಿಳಿಯಾಗ್ಲಿ ಅಂತ ಹಿಂಗೆ ಹೇಳ್ತಿದೀರ. ಮಾರಕ್ಕ ಹೇಳ್ಕೊಟ್ಳಾ? ನಂಗೆ ನೆನಪೈತಲ್ಲ ಮೇಡಂ. ನಾನು ಎಳೆದೆ. ಎರಡೂ ಕೈಲಿ, ಎದೆಗೆ ಅವುಚ್ಕಂಡಂಗೆ."

ಎರಡೂ ಕೈಯಲ್ಲಿ, ಎದೆಗೆ. ಅದು ನನ್ನ ನೆನಪು! ಆ ಗಾಜಿನ ಮೇಜಿನ ಮೇಲೆ ಒಂದೊಂದೇ ತೆಗೆದಿಟ್ಟು ನಿನಗೆ ಕೊಟ್ಟದ್ದು. ಈಗ ನಿನ್ನ ಬಳಿ ಇದೆ, ವಾಪಸ್ ಕೊಡು ಎಂದರೆ ಕೊಡುವುದಿಲ್ಲ. ನಾನು ವಾದ ಮಾಡಿದೆ, ಅತ್ತೆ, ಕೊನೆಗೆ ರೇಗಿದೆ. "ಆಯ್ತು ಬಿಡ್ರಿ ಮೇಡಂ, ನಿಮ್ ಆರೋಗ್ಯ ನೋಡ್ಕಳ್ರಿ" ಎಂದೆ ನೀನು. ನನಗೆ ವಯಸ್ಸಾಗಿದೆ, ತಲೆ ಸರಿಯಿಲ್ಲ ಎಂದುಕೊಂಡಿದ್ದೀಯ.

ಸಾಕ್ಷಿ ಕೊಡೋಣವೆಂದರೆ ಅದು ಇಲ್ಲದ ಹಾಗೆ ನಾನೇ ನೋಡಿಕೊಂಡಿದ್ದೇನೆ. ಕಂಪನಿ ಮುಚ್ಚಿ ವರ್ಷಗಳಾದವು. ಲೈಸೆನ್ಸ್ ಕೊಡುವ ಕಚೇರಿಗೆ ಸಹಿ ಮಾಡಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಎಲ್ಲ ಬರೆದು ಕಳಿಸಿದ್ದೇನೆ, ಇನ್ನೂ ಉತ್ತರವಿಲ್ಲ. ಉತ್ತರ ಬಂದರೂ ಅದು ನಿನ್ನ ಕೈಯನ್ನು ನಿನಗೆ ಕೊಡಲಾರದು. ನನ್ನ ಕೈಯನ್ನು ಯಂತ್ರ ತಿಂದಿತು, ಇಪ್ಪತ್ತು ವರ್ಷ ತೆಗೆದುಕೊಂಡು. ನಿನ್ನ ಕೈಯನ್ನು ನಾನು ಮೂರು ಸಿಟ್ಟಿಂಗಿನಲ್ಲಿ ತಿಂದೆ.

ಕುದಾಪುರದವರು ಹೇಳಿದ ತಿಂಗಳು ಮುಗಿಯಲು ಇನ್ನು ಎಂಟು ದಿನ ಇದೆ.

ನೀನು ನನ್ನನ್ನು ನಂಬುವುದಿಲ್ಲ. ಓದುವ ಇತರರು ನಂಬಿದರೂ ನಿನಗೆ ಅದರಿಂದ ಏನು? ನಂಬುವವರು ಒಬ್ಬರಿದ್ದಾರೆ. ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ನೀನು ಹೊಲಕ್ಕೆ ಹೋಗಿರುತ್ತೀಯ, ಮಾರಕ್ಕನೂ ಇರಲಿಕ್ಕಿಲ್ಲ, ಇರದಿದ್ದರೇ ಒಳ್ಳೆಯದು. ಚಪ್ಪಲಿ ಬಿಟ್ಟು ರೊಪ್ಪದ ಹತ್ತಿರ ಹೋಗಿ ಬೋಸಯ್ಯನವರ ಮುಂದೆ ನಿಂತು ಹೇಳುತ್ತೇನೆ. ಮಗನಿಗೆ ಹೇಳಿ ಹೇಳಿ ನಂಬಿಸುವ ಕೆಲಸ ಇನ್ನು ಅವರದು. ಅವರ ಕೈಲಿ ಆದೀತು.

ಅವರು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ನಾನು ಬಾಯಿ ತೆರೆಯುವ ಮೊದಲೇ ನಂಬಿರುತ್ತಾರೆ. ನನಗೆ ಭಯವಿರುವುದು ಅದಕ್ಕೇ.